ಹಳ್ಳದಾಚೆಯ ಬಾಂದುಕಲ್ಲು

ನಮ್ಮ ಚರ್ಚ್‌ಗೂ ಪಂಚಾಯಿತಿಗೂ ಸೇರಿದ ಊರು, ಮೆರಿಕೂಂಬ್ ಪ್ಯಾರಿಷ್, ಎಂದರೆ ಗುಡ್ಡವಷ್ಟೇ ಎಂದು ಗುಡ್ಡದ ಮೇಲಿನವರು ನಂಬಿಕೊಂಡಿದ್ದಾರೆ. ಚರ್ಚ್ ಇದೆ, ಪಂಚಾಯಿತಿಯ ಹಾಲ್ ಇದೆ, ನನ್ನ ಪಬ್ ಇದೆ, ಇನ್ನೇನು ಬೇಕು ಎಂಬ ಧಿಮಾಕು. ಇಳಿಜಾರಿನಲ್ಲಿ ಹಳೆಯ ಹಿಟ್ಟಿನ ಗಿರಣಿಯ ಸುತ್ತ ಲೋವರ್ ಗ್ರೀನ್ ಎಂಬ ಮಜರೆ. ಅದರ ಕೆಳಗೆ ಹಳ್ಳ. ಹಳ್ಳ ದಾಟಿದರೂ ನಮ್ಮ ಪ್ಯಾರಿಷ್ ಮುಗಿಯುವುದಿಲ್ಲ. ಆಚೆ ನಾಲಿಗೆ ಚಾಚಿದ ಹಾಗೆ ಒಂದಿಷ್ಟು ಹುಲ್ಲುಗಾವಲು, ಐದು ಮನೆ, ತುದಿಯಲ್ಲೊಂದು ಬಾಂದುಕಲ್ಲು. ಅದು ಪೌಂಡ್ ಎಂಡ್. ಹೆಸ್ಟರ್ ಪಾಬ್‌ಜಾಯ್ ಹುಟ್ಟಿದ್ದು, ಮದುವೆಯಾಗಿದ್ದು, ಕುರಿ ಸಾಕಿದ್ದು ಎಲ್ಲ ಅಲ್ಲೇ.

ಊರಿಗೆಲ್ಲ ಅವರು ಹೆಸ್ಟರ್ ಆಂಟಿ. ಪ್ರತಿ ಭಾನುವಾರ ಪಂಚಾಯಿತಿಯ ಸ್ಮಶಾನದಲ್ಲಿರುವ ಗಂಡ ಏಮಸ್‌ನ ಗೋರಿಗೆ ಹೂವಿಟ್ಟು, ನೆಟ್ಟಗೆ ನನ್ನ ಪಬ್‌ಗೆ ಬಂದು ಅರ್ಧ ಲೋಟ ಸೈಡರ್, ಅದೇ ಸೇಬಿನ ಹೆಂಡ, ಕುಡಿದು ಹೋಗುತ್ತಿದ್ದರು. ನಾನು ಹುಟ್ಟಿದ್ದು ಪಕ್ಕದ ಸ್ಟೋಕ್ ಬಾರ್ಟನ್ ಪ್ಯಾರಿಷ್‌ನಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು ತಲೆ ನೆರೆತರೂ ಆಂಟಿಗೆ ನಾನು ಹೊರಗಿನವಳೇ.

“ಏನಮ್ಮ ಸ್ಟೋಕ್‌ನವಳೇ, ಸೈಡರ್‌ಗೆ ನೀರು ಬೆರೆಸೋದು ನಿಮ್ಮೂರಿನ ಪದ್ಧತಿನಾ?”

“ಬಾಯಿ ಜೋರಿರೋರಿಗೆ ಮಾತ್ರ ಬೆರೆಸ್ತೀನಿ ಆಂಟಿ.”

ಇದೇ ಮಾತು ಪ್ರತಿ ವಾರ. ಒಂದು ವಾರ ಅವರು ಕೇಳದಿದ್ದರೆ ನನಗೇ ಏನೋ ಕಳೆದುಕೊಂಡಂತೆ ಆಗುತ್ತಿತ್ತು.

ಒಂದು ಚಳಿಗಾಲದ ಪ್ರವಾಹಕ್ಕೆ ಹಳ್ಳದ ಕಾಲುಸೇತುವೆ ಕೊಚ್ಚಿಕೊಂಡು ಹೋಯಿತು. ಆಮೇಲೆ ಪೌಂಡ್ ಎಂಡ್‌ನವರು ಗುಡ್ಡಕ್ಕೆ ಬರಬೇಕಾದರೆ ಸ್ಟೋಕ್ ಮೂಲಕ ರಸ್ತೆ ಸುತ್ತಿಕೊಂಡೇ ಬರಬೇಕು. ನಮ್ಮೂರಿನವರೇ ನಮ್ಮೂರಿಗೆ ಬರಲು ಪಕ್ಕದೂರು ಹಾಯಬೇಕು. ಸೇತುವೆ ಕಟ್ಟಿಸುವ ಮಾತು ಪಂಚಾಯಿತಿಯಲ್ಲಿ ಪ್ರತಿ ಸಲ ಬರುತ್ತಿತ್ತು, ಪ್ರತಿ ಸಲ ಮುಂದಕ್ಕೆ ಹೋಗುತ್ತಿತ್ತು.

ಸೇತುವೆಯ ಜೊತೆಗೆ ಇನ್ನೊಂದೂ ಕೊಚ್ಚಿಹೋಗಿತ್ತು. ಮೇ ತಿಂಗಳಲ್ಲಿ ನಾವು ಪ್ಯಾರಿಷ್‌ನ ಗಡಿ ನಡೆಯುತ್ತೇವೆ. ಊರಿನವರೆಲ್ಲ ಹೇಸಲ್ ಮರದ ಕೋಲು ಹಿಡಿದು, ಪಾದ್ರಿಯನ್ನು ಮುಂದೆ ಬಿಟ್ಟುಕೊಂಡು ಹೊರಟು, ಒಂದೊಂದು ಬಾಂದುಕಲ್ಲಿಗೂ ಕೋಲಿನಿಂದ ಬಾರಿಸುವುದು. ಆ ಕಲ್ಲಿಗೆ ಹೊಸಬರಾದವರನ್ನು ತಲೆಕೆಳಗೆ ಎತ್ತಿ ಹಿಡಿದು ಮೆಲ್ಲಗೆ ಕುಟ್ಟುವುದು. ಗಡಿ ಎಲ್ಲಿದೆ ಎಂದು ಸಾಯುವವರೆಗೆ ಮರೆಯಬಾರದಲ್ಲ. ಗಡಿಯ ಗೆರೆ ನಮ್ಮೂರಿನ ಟ್ಯಾಪರ್ ಎಂಬುವನ ಅಡುಗೆಮನೆಯ ಮೇಲೆ ಹಾದಿದೆ, ಹಾಗಾಗಿ ಎಲ್ಲರೂ ಅವನ ಕಿಟಕಿಯಲ್ಲಿ ನುಗ್ಗಿ ಹಿತ್ತಿಲ ಬಾಗಿಲಲ್ಲಿ ಹೊರಬರುತ್ತೇವೆ. ಸುತ್ತು ಹಾಕುವ ಹಾಗಿಲ್ಲ, ಅದೇ ಕಟ್ಟುಪಾಡು. ಸೇತುವೆ ಹೋದ ಮೇಲೆ ಮಾತ್ರ ಮೆರವಣಿಗೆ ಗಿರಣಿಯ ಹತ್ತಿರ ನಿಂತು, ಹಳ್ಳದ ಕಡೆಗೆ ಕೋಲು ಬೀಸಿ, ಬುತ್ತಿ ಬಿಚ್ಚತೊಡಗಿತು. ಕಿಟಕಿ ಹತ್ತುವ ಶೂರರಿಗೆ ಕಾಲು ನೆನೆಸಿಕೊಳ್ಳಲು ಆಗಲಿಲ್ಲ.

ಸ್ಟೋಕ್‌ನವರು ಇದನ್ನು ಗಮನಿಸಿದರು. ಮರುವರ್ಷ ಅವರೇ ಪೌಂಡ್ ಎಂಡ್ ಸುತ್ತಿ, ನಮ್ಮ ಕಲ್ಲಿಗೆ ತಮ್ಮ ಪಾದ್ರಿಯನ್ನು ಕುಟ್ಟಿ ಹೋದರು. ಆಂಟಿ ಬಾಗಿಲಲ್ಲಿ ನಿಂತು, “ಕುಟ್ಕೊಳ್ರಪ್ಪ, ಕಲ್ಲಿಗೇನು ನೋವಾಗಲ್ಲ. ಆದ್ರೆ ಕಲ್ಲು ನಮ್ದು” ಎಂದಿದ್ದರಂತೆ.

ಅದೇ ಸಮಯಕ್ಕೆ ಗಡಿಗಳನ್ನು ನೇರ ಮಾಡುವ ಯೋಚನೆ ಮೇಲಿನ ಅಧಿಕಾರಿಗಳಿಂದ ಬಂತು. ಹಳ್ಳವನ್ನೇ ಗಡಿ ಮಾಡಿ ಪೌಂಡ್ ಎಂಡನ್ನು ಸ್ಟೋಕ್‌ಗೆ ಸೇರಿಸಬಹುದೇ ಎಂದು ಪಂಚಾಯಿತಿಯನ್ನು ಕೇಳಿದ್ದರು. ನಮ್ಮ ಅಧ್ಯಕ್ಷರು ಲೆನಾರ್ಡ್ ಟ್ರೆಂಚರ್ಡ್, ಬೀಜದ ವ್ಯಾಪಾರಿ. ಕೆಟ್ಟವರಲ್ಲ, ಆದರೆ ತಮ್ಮ ಶೂಗಳ ಮೇಲೆ ವಿಪರೀತ ಪ್ರೀತಿ. ಅವರು ಸಭೆಯಲ್ಲಿ ಎದ್ದು, ಹಳ್ಳವೇ ಸಹಜವಾದ ಗಡಿ, ಒಪ್ಪಿಕೊಂಡರೆ ಸೇತುವೆಯ ತಲೆನೋವೂ ತಪ್ಪುತ್ತದೆ ಎಂದರು.

ಹಿಂದಿನ ಬೆಂಚಿನಿಂದ ಆಂಟಿ ಎದ್ದರು. “ಮಿಸ್ಟರ್ ಟ್ರೆಂಚರ್ಡ್, ನಮ್ಮ ಸ್ಮಶಾನದಲ್ಲಿ ಯಾರಿಗೆ ಜಾಗ?”

“ಪ್ಯಾರಿಷ್‌ನಲ್ಲಿ ವಾಸ ಇರೋರಿಗೆ. ಅದು ನಿಮಗೂ ಗೊತ್ತಲ್ಲ.”

“ಏಮಸ್ ಪಕ್ಕದ ಜಾಗ ಖಾಲಿ ಇದೆ. ನಾನು ಸ್ಟೋಕ್‌ನವಳಾದ್ರೆ?”

ಅವರು ಕನ್ನಡಕ ಒರೆಸಿಕೊಂಡರು. “ಸ್ಟೋಕ್‌ನಲ್ಲೂ ಒಳ್ಳೆ ಸ್ಮಶಾನ ಇದೆ, ಮಿಸೆಸ್ ಪಾಬ್‌ಜಾಯ್.”

ನನಗೆ ಮೈಯೆಲ್ಲ ಉರಿದುಹೋಯಿತು. ಸ್ಟೋಕ್‌ನ ಸ್ಮಶಾನದಲ್ಲಿ ನನ್ನ ಅಜ್ಜ ಇದ್ದಾರೆ, ಅದು ಒಳ್ಳೆಯದೇ. ಆದರೆ ಹೆಂಗಸು ಕೇಳಿದ್ದು ಅದನ್ನಲ್ಲ. ಆಂಟಿ ಮಾತ್ರ ಅಳಲಿಲ್ಲ, ಅಂಗಲಾಚಲಿಲ್ಲ.

“ಸರಿ ಹಾಗಾದ್ರೆ. ತೀರ್ಮಾನ ಮಾಡೋಕೆ ಮುಂಚೆ ಈ ಸಲ ಗಡಿ ಪೂರ್ತಿ ನಡೀರಿ. ಕಲ್ಲಿನ ತನಕ ಬನ್ನಿ. ಆಮೇಲೆ ಇಟ್ಕೋತೀರೋ ಕೊಟ್ಬಿಡ್ತೀರೋ ನಿಮ್ಮಿಷ್ಟ.”

“ಆಗ್ಲಿ, ಕಾರಲ್ಲಿ ಬರ್ತೀವಿ.”

“ಗಡಿ ನಡೆಯೋಕೆ ಕಾರಾ? ಟ್ಯಾಪರ್‌ನ ಕಿಟಕಿಲಿ ಹ್ಯಾಗೆ ತೂರಿಸ್ತೀರಿ?”

ಹಾಲ್ ತುಂಬ ನಗು. ಅಧ್ಯಕ್ಷರು ಕೆಂಪಾಗಿ, ನಡೆದೇ ಬರುವುದಾಗಿ ಒಪ್ಪಿಕೊಂಡರು.

ಆ ಮೇ ತಿಂಗಳು ನಾನೂ ಪಬ್ ಮುಚ್ಚಿ ಹೊರಟೆ. ಹಳ್ಳದ ದಡಕ್ಕೆ ಬಂದು ಎಲ್ಲರೂ ನಿಂತೆವು. ತೊಡೆಮಟ್ಟದ ನೀರು, ರಭಸವಾಗಿಯೇ ಹರಿಯುತ್ತಿತ್ತು. ಆಚೆ ದಡದಲ್ಲಿ ಆಂಟಿ. ನಮ್ಮನ್ನು ಕರೆಯುವ ಗೋಜಿಗೇ ಹೋಗದೆ ಲಂಗ ಎತ್ತಿ ಕಟ್ಟಿ ನೀರಿಗಿಳಿದು, ಎಪ್ಪತ್ತು ದಾಟಿದ ಹೆಂಗಸು, ಈಚೆ ಬಂದು ಅಧ್ಯಕ್ಷರ ಮುಂದೆ ಕೈ ಚಾಚಿದರು.

“ಶೂ ಬಿಚ್ಚಿ. ನಿಮ್ಮನ್ನ ನಾನು ಹಿಡ್ಕೋತೀನಿ.”

ಟ್ರೆಂಚರ್ಡ್ ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿದರು, ಕಾಲುಚೀಲ ಮಡಚಿ ಶೂ ಒಳಗಿಟ್ಟರು, ಶೂಗಳನ್ನು ಒಂದಕ್ಕೊಂದು ಕಟ್ಟಿ ಕೊರಳಿಗೆ ಹಾಕಿಕೊಂಡರು. ನಡುನೀರಿನಲ್ಲಿ ಅವರು ಜಾರಿ ಕೂತೇಬಿಟ್ಟರು. ಆಂಟಿ ಕಾಲರ್ ಹಿಡಿದು ಎತ್ತಿದರು.

“ಒಳ್ಳೆದಾಯ್ತು, ಇನ್ನು ಒದ್ದೆ ಆಗೋ ಭಯ ಇಲ್ಲ.”

ನಾವೂ ಅವರ ಹಿಂದೆ ಇಳಿದೆವು.

ಆಚೆ ಐದು ಮನೆಗಳವರೂ ದಾರಿಯಲ್ಲಿ ನಿಂತಿದ್ದರು. ಬಾಂದುಕಲ್ಲಿನ ಪಕ್ಕ ಉದ್ದನೆಯ ಮೇಜು, ಬಿಳಿ ಬಟ್ಟೆ, ಹಂದಿ ಮಾಂಸದ ಪೈ, ಚೀಸ್, ಕೇಕ್, ಜಗ್‌ಗಳಲ್ಲಿ ಸೈಡರ್. ಅಧ್ಯಕ್ಷರು ಮೈಯಿಂದ ನೀರು ಸುರಿಸುತ್ತಾ ನಿಂತು ಅದನ್ನೇ ನೋಡಿದರು.

“ಇಷ್ಟೆಲ್ಲ ಯಾಕೆ? ನಾವು ಬರ್ತೀವಿ ಅಂತ ಖಾತ್ರಿ ಇತ್ತಾ?”

“ಪ್ರತಿ ವರ್ಷ ಹಾಕ್ತೀವಿ. ಸೇತುವೆ ಹೋದಮೇಲೂ ಹಾಕಿದ್ವಿ. ನೀವು ಬರ್ಲಿಲ್ಲ, ಸ್ಟೋಕ್‌ನವರು ತಿಂದ್ಕೊಂಡು ಹೋದ್ರು.”

ನಾವು ಗಿರಣಿಯ ಹತ್ತಿರ ಬುತ್ತಿ ತಿನ್ನುತ್ತಿದ್ದಾಗ ಇಲ್ಲಿ ಇವರು ಮೇಜು ಹಾಕಿ ಕಾಯುತ್ತಿದ್ದರು. ನನಗೆ ನಾಚಿಕೆಯಾಯಿತು, ಪಾದ್ರಿ ತಲೆ ತಗ್ಗಿಸಿದರು. ಟ್ರೆಂಚರ್ಡ್ ಕೊರಳಿನ ಶೂ ತೆಗೆದು ಮೇಜಿನ ಕೆಳಗಿಟ್ಟರು.

“ಈ ಕಲ್ಲಿಗೆ ನಾನು ಹೊಸಬ. ಎತ್ತಿ” ಎಂದರು.

ಟ್ಯಾಪರ್ ಮತ್ತವನ ತಮ್ಮ ಅವರನ್ನು ತಲೆಕೆಳಗೆ ಎತ್ತಿ ಕಲ್ಲಿಗೆ ಕುಟ್ಟಿದರು, ಸ್ವಲ್ಪ ಜೋರಾಗಿಯೇ. ಕೆಳಗಿಳಿದವರೇ ಅಲ್ಲಿದ್ದ ಸದಸ್ಯರನ್ನೆಲ್ಲ ಕೇಳಿದರು, “ಈ ಕಲ್ಲನ್ನ ಬಿಟ್ಕೊಡೋರು ಯಾರಾದ್ರೂ ಇದ್ದೀರಾ?” ಒಂದು ಕೈಯೂ ಏಳಲಿಲ್ಲ. ಮುಂದಿನ ಸಭೆಯಲ್ಲಿ ಅದನ್ನೇ ಕ್ರಮವಾಗಿ ನಿರ್ಣಯ ಮಾಡಿ ಕಳಿಸಿದರು. ಪೌಂಡ್ ಎಂಡ್ ನಮ್ಮಲ್ಲೇ ಉಳಿಯಿತು. ಶರತ್ಕಾಲಕ್ಕೆ ಸೇತುವೆಯೂ ಎದ್ದಿತು, ಒಬ್ಬರು ನಡೆಯುವಷ್ಟು ಅಗಲದ್ದು.

ಆಂಟಿ ಅದರ ಮೇಲೆ ಎಷ್ಟೋ ಭಾನುವಾರ ನಡೆದು ಬಂದರು, ನನ್ನ ಸೈಡರನ್ನು ಬೈದರು. ಕೊನೆಕೊನೆಗೆ ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿ ಹೇಳಿದ್ದು ಒಂದೇ ಮಾತು: “ನನ್ನನ್ನ ರಸ್ತೆ ಮೇಲೆ ಸುತ್ತಿಸ್ಬೇಡಿ ಕಣೇ. ಸ್ಟೋಕ್‌ನವರು ತಮ್ಮೋಳು ಅಂದ್ಕೊಂಡಾರು.”

ಅವರನ್ನು ಹೊತ್ತು ತಂದ ದಿನ ಮಂಜು ಸುರಿಯುತ್ತಿತ್ತು. ಹಳ್ಳದ ಹತ್ತಿರ ಬಂದಾಗ ಗೊತ್ತಾಯಿತು, ಶವಪೆಟ್ಟಿಗೆ ಹೊತ್ತವರು ಅಕ್ಕಪಕ್ಕ ನಡೆಯಲು ಸೇತುವೆಯ ಅಗಲ ಸಾಲದು. ರಸ್ತೆಯಲ್ಲಿ ಹೋಗೋಣವೇ ಎಂದು ಯಾರೋ ಮೆಲ್ಲಗೆ ಅಂದರು. ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಟ್ರೆಂಚರ್ಡ್ ಸೇತುವೆಯನ್ನು ಬಲಕ್ಕೆ ಬಿಟ್ಟು, ಪೆಟ್ಟಿಗೆಯ ಸಮೇತ ನೀರಿಗಿಳಿದರು. ಉಳಿದವರೂ ಇಳಿದರು. ಈ ಸಲ ಅವರು ಶೂ ಬಿಚ್ಚಲಿಲ್ಲ.