ಭಾವನ ಬೈಕು

ನಮ್ಮ ಭಾವ ಕನ್ನಡಕದಂಗಡಿಯಲ್ಲಿ ಫ್ರೇಮು ಮಾರುತ್ತಾರೆ. ಮದುವೆಗೆ ಮುಂಚಿನಿಂದಲೂ ಬಂದವರಿಗೆಲ್ಲ ಅವರದು ಒಂದೇ ಮಾತು: “ಎಷ್ಟು ಹಗುರ ನೋಡಿ ಸರ್, ಹಾಕ್ಕೊಂಡಿದ್ದೇ ಗೊತ್ತಾಗಲ್ಲ.” ಗಿರಾಕಿ ಕನ್ನಡಿಯಲ್ಲಿ ತನ್ನ ಮುಖಕ್ಕೆ ತಾನೇ ಮರುಳಾಗಿರುವಾಗ ಬೆಲೆ ಹೇಳಿಬಿಡುವುದು ಅವರ ಜಾಣತನ. ಇಂಥ ಜಾಣರೇ ಬೇರೆಯವರ ಅಂಗಡಿಗೆ ಹೋದಾಗ ಎಲ್ಲರಿಗಿಂತ ಮೊದಲು ಟೋಪಿ ಹಾಕಿಸಿಕೊಳ್ಳುವುದು.

ಅವರ ಹೆಂಡತಿ ನನ್ನ ಅಕ್ಕ. ನಾನು ಅವರ ಮನೆಯ ಮಹಡಿ ಕೋಣೆಯಲ್ಲಿರುವವಳು, ಹಾಗಾಗಿ ಕೆಳಗೆ ಆಡಿದ ಮಾತೆಲ್ಲ ಮೆಟ್ಟಿಲು ಹತ್ತಿಕೊಂಡು ನನ್ನ ಕಿವಿಗೆ ಬರುತ್ತದೆ. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಹೊಲಿದದ್ದನ್ನು ಗಂಟು ಕಟ್ಟಿ ಊರಿನ ಆಚೆ ತುದಿಯ ಬಟ್ಟೆ ಅಂಗಡಿಗೆ ಮುಟ್ಟಿಸಬೇಕು. ಗಂಟು ಕಂಡರೆ ಬಸ್ಸಿನವನು ಮುಖ ಗಂಟಿಕ್ಕುತ್ತಾನೆ. ಬಾಡಿಗೆ ಗಾಡಿ ಹಿಡಿದರೆ ಹೊಲಿದ ಕೂಲಿಯೆಲ್ಲ ಗಾಡಿಯವನ ಪಾಲು. ಅಕ್ಕ ಅದನ್ನು ಬಲಭುಜಕ್ಕೆ ಹಾಕಿಕೊಂಡು ನಡೆದೇ ಹೋಗುತ್ತಿದ್ದಳು. ಈ ವರ್ಷ ಆ ಭುಜ ಮುಷ್ಕರ ಹೂಡಿತು. ಜಡೆ ಹೆಣೆದುಕೊಳ್ಳಲು ಕೈ ಮೇಲೇಳಲಿಲ್ಲ; ನಾನೇ ಹೆಣೆಯಬೇಕಾಯಿತು.

“ಭಾರ ಎತ್ತೋದು ಇವತ್ತೇ ನಿಲ್ಸಿ. ಇಲ್ಲಾಂದ್ರೆ ಈ ಕೈ ಹೊಲಿಗೆಗೂ ಬರಲ್ಲ” ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಇತ್ತ ಬಟ್ಟೆ ಅಂಗಡಿಯ ಯಜಮಾನನದು ಇನ್ನೊಂದು ರಾಗ. ಶಾಲೆ ತೆರೆಯುವ ಕಾಲ ಬಂತು, ಇನ್ನು ಮಾಲು ದಿನ ಬಿಟ್ಟು ದಿನ ಬರಬೇಕು, ಆಗದಿದ್ದರೆ ಕೆಲಸ ಬೇರೆಯವರಿಗೆ. ಹೀಗೆ ಮನೆಗೊಂದು ವಾಹನ ಬೇಕೇ ಬೇಕಾಯಿತು. ಗಂಡ ಹೆಂಡತಿ ಸೇರಿ ಕೂಡಿಟ್ಟದ್ದು ಅಷ್ಟೋ ಇಷ್ಟೋ ಇತ್ತು. ಒಂದು ಸಲ ಕೈ ತಪ್ಪಿದರೆ ಇನ್ನೊಂದು ಸಲಕ್ಕೆ ಇರಲಿಲ್ಲ.

“ಒಂದು ಬೈಕ್ ತಗೊಂಡ್ಬಿಡೋಣ” ಎಂದರು ಭಾವ.

“ನಾನೂ ಅದನ್ನೇ ಹೇಳೋಣ ಅಂತಿದ್ದೆ ಕಣ್ರೀ” ಎಂದಳು ಅಕ್ಕ.

ಇವರ ಸಂಸಾರದಲ್ಲಿ ಇಷ್ಟು ಬೇಗ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಅಲ್ಲೇ ಅನುಮಾನ ಬರಬೇಕಿತ್ತು.

ನಮ್ಮ ಮಾತಿನಲ್ಲಿ ಬೈಕು ಎಂದರೆ ಬೈಕು. ಬುರ್ರೆಂದು ಹೊರಡುವ, ಹಿಂದೆ ಹೆಂಡತಿ ಕೂರುವ, ಇಬ್ಬರ ನಡುವೆ ಒಂದು ಗಂಟು ಹಿಡಿಸುವ ಗಾಡಿ. ಕಾಲಲ್ಲಿ ತುಳಿಯುವುದಕ್ಕೆ ಸೈಕಲ್ ಎನ್ನುತ್ತೇವೆ. ಅಕ್ಷರ ಕಲಿಯದ ಮಗುವಿಗೂ ಈ ವ್ಯತ್ಯಾಸ ಗೊತ್ತು. ಭಾವನಿಗೂ ಗೊತ್ತಿತ್ತು, ಫೋನಿನಲ್ಲಿ ಆ ವಿಡಿಯೊಗಳ ಚಟ ಹತ್ತುವವರೆಗೆ. ಮೈಗೆ ಅಂಟಿದ ಬಟ್ಟೆ ತೊಟ್ಟ ಒಣಕಲು ಗಂಡಸರು ಸೈಕಲ್ಲಿನ ಮೇಲೆ ಬಗ್ಗಿಕೊಂಡು ಬೆಟ್ಟ ಹತ್ತುವ ವಿಡಿಯೊಗಳು. ಅವರಾರೂ ಸೈಕಲ್ ಎನ್ನುವುದಿಲ್ಲ, ಬೈಕ್ ಎನ್ನುತ್ತಾರೆ. ಅದರಲ್ಲೂ ರೋಡ್ ಬೈಕ್. ಭಾವನ ನಾಲಿಗೆಗೆ ಸೈಕಲ್ ಎಂಬ ಪದವೇ ಸಸಾರವಾಗಿಹೋಯಿತು. ಹೀಗೆ ಒಂದೇ ಸೂರಿನ ಕೆಳಗೆ ಅಕ್ಕ ಒಂದು ಬೈಕಿನ ಕನಸು ಕಂಡಳು, ಭಾವ ಇನ್ನೊಂದು ಬೈಕಿನ ಕನಸು ಕಂಡರು, ಇಬ್ಬರೂ ಪರಸ್ಪರ ಎಷ್ಟು ಅರ್ಥ ಮಾಡಿಕೊಂಡಿದ್ದೇವೆ ಎಂದು ಬೀಗಿದರು.

ಕಡಿಮೆ ದುಡ್ಡಿನಲ್ಲಿ ರೋಡ್ ಬೈಕ್ ಆರಿಸುವುದೆಂದರೆ ಸಾಮಾನ್ಯ ವಿದ್ಯೆಯಲ್ಲವಂತೆ. ಭಾವನ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವವನು ಅವರ ಜೊತೆ ಸೈಕಲ್ ಅಂಗಡಿಗಳಿಗೆಲ್ಲ ಅಲೆದ, ಆಮೇಲೆ ನನಗೆ ಬಣ್ಣಿಸಿದ. ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿಯೊಂದನ್ನು ಭಾವ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಿದ್ದರು. ಅಂಗಡಿಯವನು ಗೇರಿನ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಇವರು ಸೈಕಲ್ಲನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದು, ಕೆಂಪಗಾದ ಮುಖದಲ್ಲಿ ಅಂಕಿ ಓದುತ್ತಿದ್ದರು. ಹನ್ನೆರಡು ಕೆಜಿ ಎಂದರೆ ಮೂಗು ಮುರಿಯುವುದು, ಹನ್ನೊಂದು ಎಂದರೆ ತಲೆದೂಗುವುದು. ಉಕ್ಕಿನ ಚೌಕಟ್ಟಿನದು ಗಟ್ಟಿ ಬರುತ್ತದೆ ಎಂದರೆ “ಅದನ್ನ ಹಾಲಿನವನಿಗೆ ಕೊಡಿ” ಎನ್ನುವುದು. ಡಿಸ್ಕ್ ಬ್ರೇಕ್ ಇರುವುದಕ್ಕೆ ದುಡ್ಡು ಸಾಲದು, ಇಲ್ಲದ್ದಕ್ಕೆ ಮನಸ್ಸಾಗದು. ಒಂದು ಅಂಗಡಿಯಲ್ಲಿ ಬಾಗಿಲ ಬಳಿ ಕ್ಯಾರಿಯರ್, ಮಡ್ಗಾರ್ಡು, ಗಂಟೆ, ಸ್ಟ್ಯಾಂಡು ಎಲ್ಲ ಇದ್ದ ಕಪ್ಪು ಸೈಕಲ್ಲೊಂದನ್ನು ತೋರಿಸಿ ನಿಮ್ಮ ದುಡ್ಡಿಗೆ ಇದು ಬರುತ್ತದೆ ಎಂದವನನ್ನು, ತಮ್ಮ ಕುಲಕ್ಕೇ ಬೈದನೇನೋ ಎಂಬಂತೆ ದುರುಗುಟ್ಟಿ ನೋಡಿದರಂತೆ.

ಮನೆಯಲ್ಲಿ ಊಟದ ಹೊತ್ತಿಗೆ ವರದಿ ಬೇರೆ.

“ಸೀಟು ಹೇಗಿದೆ ರೀ?” ಎಂದು ಅಕ್ಕ ಕೇಳುತ್ತಿದ್ದಳು.

“ಸ್ವಲ್ಪ ಸಣ್ಣದು, ಗಟ್ಟಿ. ಅಭ್ಯಾಸ ಆಗುತ್ತೆ ಬಿಡು.”

“ನನಗೇನು, ಒಂದು ಕಡೆ ಒತ್ತರಿಸ್ಕೊಂಡು ಕೂತ್ಕೋತೀನಿ” ಎಂದು ಅವಳು ಅಡುಗೆಮನೆಗೆ ಹೋಗುತ್ತಾ ಹೇಳಿದ್ದು ಭಾವನ ಕಿವಿಗೆ ಬೀಳಲಿಲ್ಲ. ವಿಡಿಯೊ ಓಡುತ್ತಿತ್ತು.

ಒಂದು ಸಂಜೆ ತಮ್ಮ ಕಾಲಿನ ಒಳ ಅಳತೆ ತೆಗೆದುಕೊಡೆಂದು ಭಾವ ಗೋಡೆಗೆ ಆತು ನಿಂತರು. ಅಕ್ಕ ಕೊರಳಿನ ಟೇಪು ತೆಗೆದು ಅಳೆದಳು. “ಪ್ಯಾಂಟಿಗಾ?” “ಅಲ್ಲ, ಬೈಕಿಗೆ. ಎತ್ತರ ಸರಿ ಹೋಗ್ಬೇಕಲ್ಲ.” ಅಕ್ಕನಿಗೆ ಅದೂ ಸರಿ ಎನಿಸಿತು. ನಿಲ್ಲಿಸಿದಾಗ ಕಾಲು ನೆಲಕ್ಕೆ ಎಟುಕದಿದ್ದರೆ ಹಿಂದೆ ಕೂತವಳ ಗತಿಯೇನು!

ಪೆಟ್ರೋಲಿಗೆ ತಿಂಗಳಿಗೆ ಎಷ್ಟು ಎತ್ತಿಡಬೇಕೆಂದು ಅವಳು ಕೇಳಿದಾಗಲಾದರೂ ಗುಟ್ಟು ರಟ್ಟಾಗಬೇಕಿತ್ತು. ಭಾವ ಬಿದ್ದು ಬಿದ್ದು ನಕ್ಕರು. “ಪೆಟ್ರೋಲಾ? ಇದಕ್ಕೆಲ್ಲಿ ಪೆಟ್ರೋಲು! ಒಂದು ಹನಿ ಬೇಡ.”

ಅಕ್ಕ ಮಹಡಿ ಹತ್ತಿ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: “ಕರೆಂಟಿಂದು ಕಣೇ! ನಾನು ಇವರನ್ನ ಎಷ್ಟು ಪೆದ್ದು ಅಂದ್ಕೊಂಡಿದ್ದೆ ನೋಡು.”

ನಾನೂ ಹೌದೌದೆಂದೆ. ಮರುದಿನವೇ ಎಲೆಕ್ಟ್ರಿಷಿಯನ್ ಬಂದು ಜಗಲಿಯ ಗೋಡೆ ಕೊರೆದು ಹೊಸ ಪ್ಲಗ್ ಪಾಯಿಂಟ್ ಕೂರಿಸಿದ. ಅದನ್ನು ಕಂಡು ಭಾವನ ಕಣ್ಣು ತುಂಬಿತು. ಟೈರಿಗೆ ಗಾಳಿ ತುಂಬುವ ಕರೆಂಟಿನ ಪಂಪಿಗೆಂದು ಹೆಂಡತಿ ಮುಂದಾಲೋಚನೆ ಮಾಡಿದ್ದಾಳೆ ಎಂದುಕೊಂಡರು. “ನಿಮ್ಮಕ್ಕನಂಥ ಹೆಂಗಸು ಸಿಗಲ್ಲ ಕಣಮ್ಮ” ಎಂದು ನನ್ನ ಹತ್ತಿರ ಗದ್ಗದರಾದರು. ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ತನ್ನ ಬೀರುವಿನಲ್ಲಿ ಸೀರೆಗಳ ಹಿಂದೆ ಒಂದು ಕೆಂಪು ಹೆಲ್ಮೆಟ್ ಬಚ್ಚಿಟ್ಟಿದ್ದಳು. ಹಿಂದೆ ಕೂರುವವರಿಗೂ ಬೇಕಲ್ಲ. ರಾತ್ರಿ ಕನ್ನಡಿಯ ಮುಂದೆ ಹಾಕಿ ನೋಡಿಕೊಂಡಳಂತೆ. ಎಡಗೈಯಲ್ಲೇ ಹಾಕಿಕೊಳ್ಳಲು ಬಂತಂತೆ.

ಬೈಕು ಬಂದ ದಿನ ಬಾಗಿಲ ಬಳಿ ಹೊಸ ಕರಾರಿನ ಮೊದಲ ಗಂಟು ತಯಾರಾಗಿತ್ತು. ಅಂಗಡಿ ಮುಚ್ಚುವ ಮೊದಲು ತಲುಪಿಸಿದರೆ ಮುಂದಿನ ಕೆಲಸ ಖಾತ್ರಿ. ಅಕ್ಕ ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಹೊರಗೆ ಬಂದು ನಿಂತಳು. ರಸ್ತೆಯ ತಿರುವಿನಿಂದ ಭಾವ ನಡೆದುಕೊಂಡು ಬಂದರು. ಪಕ್ಕದಲ್ಲಿ ಬೆರಳಗಲದ ಟೈರಿನ, ಟಗರಿನ ಕೊಂಬಿನಂತೆ ಹ್ಯಾಂಡಲ್ ಬಾಗಿದ ನೀಲಿ ಸೈಕಲ್ಲೊಂದನ್ನು ತಳ್ಳಿಕೊಂಡು ಬರುತ್ತಿದ್ದರು. ತಳ್ಳದೆ ಏನು ಮಾಡುತ್ತಾರೆ? ಅದಕ್ಕೆ ಪೆಡಲೇ ಇರಲಿಲ್ಲ. ಆ ಬೆಲೆಗೆ ಪೆಡಲ್ ಬರುವುದಿಲ್ಲವಂತೆ, ಅದನ್ನು ಬೇರೆಯಾಗಿ ಕೊಳ್ಳಬೇಕಂತೆ. ತುಳಿಯುವ ಗಾಡಿಯನ್ನು ತುಳಿಯುವ ಭಾಗವಿಲ್ಲದೆ ಮಾರಿದವನ ಎದೆಗಾರಿಕೆಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ. ಸ್ಟ್ಯಾಂಡೂ ಇರಲಿಲ್ಲ, ಹಾಗಾಗಿ ಅದನ್ನು ಗೋಡೆಗೆ ಒರಗಿಸಬೇಕಾಯಿತು, ಸರಿಯಾಗಿ ಹೊಸ ಪ್ಲಗ್ಗಿನ ಕೆಳಗೆ.

“ಬೈಕ್ ಎಲ್ಲಿ?” ಎಂದಳು ಅಕ್ಕ.

“ಇದೇ!”

ಅಕ್ಕ ಸೈಕಲ್ಲನ್ನು ಹಿಂದಿನಿಂದ ಮುಂದಿನವರೆಗೆ ನೋಡಿದಳು. ಆಮೇಲೆ ಪ್ಲಗ್ಗನ್ನು ನೋಡಿದಳು. ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ತುಂಬ ಸಣ್ಣ ದನಿಯಲ್ಲಿ ಕೇಳಿದಳು:

“ಇದರಲ್ಲಿ ನಾನೆಲ್ಲಿ ಕೂತ್ಕೊಳ್ಲಿ?”

ಭಾವನಿಗೆ ಆಗಲೂ ಹೊಳೆಯಲಿಲ್ಲ. ಹೆಂಡತಿಗೆ ಗುಣ ತಿಳಿದಿಲ್ಲ, ತಿಳಿಸಿದರೆ ಸರಿ ಹೋಗುತ್ತಾಳೆ ಎಂದು ಗಿರಾಕಿಯ ಮುಂದೆ ನಿಂತವರಂತೆ ಶುರು ಮಾಡಿದರು. “ಎಂಟ್ರಿ ಲೆವೆಲ್‌ನಲ್ಲಿ, ಅಂದ್ರೆ ಶುರುವಿನವರ ಗಾಡೀಲಿ, ಇದಕ್ಕಿಂತ ಹಗುರದ್ದು ಇಲ್ಲ ಕಣೇ. ಗಂಟು ನಾನೇ ಬೆನ್ನಿಗೆ ಹಾಕ್ಕೊಂಡು ಹೋಗೋಣ ಅಂತಿದ್ದೆ. ಎತ್ತಿ ನೋಡು, ಇರೋದೇ ಗೊತ್ತಾಗಲ್ಲ.” ಜೇಬಿನಿಂದ ಕೊಕ್ಕೆ ತಕ್ಕಡಿ ತೆಗೆದು, ಸೈಕಲ್ಲನ್ನು ಸಿಕ್ಕಿಸಿ ಎತ್ತಿ, “ನೋಡು, ಹತ್ತೂವರೆ ಕೆಜಿ!” ಎಂದರು.

ಅಕ್ಕ ಬೈಯಲಿಲ್ಲ. ಅಳಲೂ ಇಲ್ಲ. ಆ ಕೊಕ್ಕೆಯನ್ನು ತೆಗೆದುಕೊಂಡು ಬಾಗಿಲ ಬಳಿಯ ಗಂಟಿನ ಕಟ್ಟಿಗೆ ಸಿಕ್ಕಿಸಿದಳು. “ಎತ್ತಿ” ಎಂದಳು.

ಭಾವ ಒಂದು ಕೈಯಲ್ಲಿ ಎತ್ತಲು ಹೋದರು. ಗಂಟು ಜಪ್ಪಯ್ಯ ಎನ್ನಲಿಲ್ಲ. ಎರಡೂ ಕೈ ಹಾಕಿ, ಹಲ್ಲು ಕಚ್ಚಿ ಎತ್ತಿದರು. ಅಂಕಿ ಕಂಡೊಡನೆ ಓದುವ ಅಭ್ಯಾಸವಾಗಿಬಿಟ್ಟಿತ್ತಲ್ಲ, ಯಾರೂ ಕೇಳದೆ ತಾವೇ ಓದಿದರು: “ಹದಿನೇಳು.”

ಓದಿದ ಮೇಲೆ ಕೆಳಗಿಡಲೂ ತೋಚದೆ ಹಿಡಿದುಕೊಂಡೇ ನಿಂತರು. ಇಷ್ಟು ವರ್ಷ ಆ ಗಂಟು ಅವರ ಕಣ್ಣೆದುರೇ ಬಾಗಿಲು ದಾಟಿ ಹೋಗಿತ್ತು. ಊರಿನ ಸೈಕಲ್ಲುಗಳನ್ನೆಲ್ಲ ತೂಗಿದವರಿಗೆ ಅದೊಂದನ್ನು ಎತ್ತಿ ನೋಡಬೇಕೆಂದು ತೋಚಿರಲಿಲ್ಲ.

“ಇದು ಎಂಟ್ರಿ ಲೆವೆಲ್ ಕಣ್ರೀ” ಎಂದಳು ಅಕ್ಕ. “ಸ್ಕೂಲ್ ಶುರುವಾದ ಮೇಲೆ ಇನ್ನೂ ಭಾರ ಇರುತ್ತೆ.”

ಭಾವ ಗಂಟನ್ನು ಹೆಗಲಿಗೇರಿಸಿಕೊಂಡು ನಡೆದೇ ಹೊರಟರು. ಎಲ್ಲಿ ಎಷ್ಟು ಸಲ ಇಳಿಸಿದರೋ, ಹಿಂತಿರುಗಿದಾಗ ಕತ್ತು ಒಂದೇ ಕಡೆ ವಾಲಿತ್ತು. ಮರುದಿನ ಬೆಳಗ್ಗೆ ನೀಲಿ ಸೈಕಲ್ಲನ್ನು ತಳ್ಳಿಕೊಂಡು ವಾಪಸು ಹೋದರು. ಕೊಳ್ಳುವಾಗ ಸರ್ ಎಂದಿದ್ದ ಅಂಗಡಿಯವನು ಈಗ “ಏನ್ರೀ” ಎಂದನಂತೆ. ದುಡ್ಡು ಕೊಡುವುದಿಲ್ಲ, ಬೇಕಾದರೆ ಬೇರೆ ಗಾಡಿ ತೆಗೆದುಕೊಳ್ಳಿ ಎಂದನಂತೆ. ಭಾವ ಮನೆಗೆ ಬಂದದ್ದು ಕ್ಯಾರಿಯರ್, ಮಡ್ಗಾರ್ಡು, ಗಂಟೆ, ಸ್ಟ್ಯಾಂಡು ಎಲ್ಲ ಇದ್ದ ಕಪ್ಪು ಗಾಡಿಯ ಮೇಲೆ. ಪೆಡಲೂ ಇತ್ತು.

“ಇದಕ್ಕೇನಂತಾರೆ?” ಎಂದು ಅಕ್ಕ ಕೇಳಿದಳು.

“ಸೈಕಲ್ಲು” ಎಂದರು ಭಾವ.

ಈಗ ದಿನ ಬಿಟ್ಟು ದಿನ ಕನ್ನಡಕದಂಗಡಿ ತೆಗೆಯುವ ಮುಂಚೆ ಭಾವ ಗಂಟು ಮುಟ್ಟಿಸುತ್ತಾರೆ. ವಿಡಿಯೊದವರು ತೊಡುವಂಥ ಮೈಗಂಟುವ ಬಟ್ಟೆ ಮೊದಲೇ ಕೊಂಡಾಗಿತ್ತು, ದಂಡವಾಗಬಾರದೆಂದು ಅದನ್ನೇ ತೊಟ್ಟು ಹೋಗುತ್ತಾರೆ. ಬೀದಿಯ ನಾಯಿಗಳಿಗೆ ಇನ್ನೂ ಅದು ಒಗ್ಗಿಲ್ಲ. ಅಕ್ಕನ ಕೈ ಈಗ ಕಿವಿಯ ಮಟ್ಟಕ್ಕೆ ಏಳುತ್ತದೆ, ಜಡೆ ಮಾತ್ರ ಇನ್ನೂ ನಾನೇ ಹೆಣೆಯುತ್ತೇನೆ. ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವ ದಿನ ಅವಳೂ ಜೊತೆಗೆ ಹೋಗುತ್ತಾಳೆ. ಬರುವಾಗ ಕ್ಯಾರಿಯರ್ ಖಾಲಿ ಇರುತ್ತದಲ್ಲ, ಅದರ ಮೇಲೆ ಒಂದು ಕಡೆ ಕಾಲು ಹಾಕಿ, ಕೆಂಪು ಹೆಲ್ಮೆಟ್ ತೊಟ್ಟು, ರಾಣಿಯ ಹಾಗೆ ಕೂತು ಬರುತ್ತಾಳೆ. ಮುಂದೆ ಭಾವನ ಏದುಸಿರು ತಿರುವಿನಿಂದಲೇ ಕೇಳುತ್ತದೆ. ಏರು ಬಂದಾಗ ಅಕ್ಕ ಬೇಕೆಂದೇ ಕೇಳುತ್ತಾಳೆ:

“ಭಾರ ಆಯ್ತೇನ್ರೀ?”

“ಇಲ್ಲಪ್ಪ” ಎನ್ನುತ್ತಾರೆ ಭಾವ. “ಕೂತಿರೋದೇ ಗೊತ್ತಾಗ್ತಿಲ್ಲ.”