ನಾಳಿನ ನಿದ್ದಿ

ನಾನು ಹಡಗಿನ ಅಡಗಿಯಾಂವ. ಊರು ವಿಜಯಪುರದ ಕಡೆ, ಮನಿ ದಾಬೋಲಿಮ್‌ದಾಗ. ಆ ಸಲ ನನ್ನ ಹೆಲ್ಪರ್ ಜಡ್ಡಾಗಿ ನಡುದಾರ್ಯಾಗ ಇಳದು ಹೋದ. ಬದಲಿ ಯಾರನ್ನೂ ಕಳಸಲಿಲ್ಲ. ಇಪ್ಪತ್ತು ಮಂದಿಗೆ ಮೂರು ಹೊತ್ತಿನ ಅಡಗಿ, ಭಾಂಡಿ ತಿಕ್ಕೂದು, ನೆಲ ತೊಳಿಯೂದು, ಎಲ್ಲಾ ನಾನ ಒಬ್ಬಾಂವ. ಉಳ್ಳಾಗಡ್ಡಿ ಹೆಚ್ಚುವಾಗ ನಿಂತಲ್ಲೇ ಕಣ್ಣು ಹತ್ತಿ ಬೆರಳು ಕೊಯ್ಕೊಂಡೆ. ಕುದಿಯೂ ಎಣ್ಣಿ ಮುಂದ ಹಿಂಗಾದ್ರ ಏನ್ ಗತಿ ಅಂತ ಅಂಜಿಕಿ ಹೊಕ್ಕಿತ್ತು.

ಹಡಗಿನ್ಯಾಗ ಪ್ರತಿಯೊಬ್ಬಗೂ ಒಂದು ಹಾಳಿ ಇರ್ತದ. ದಿನಾ ಎಷ್ಟು ತಾಸು ವಿಶ್ರಾಂತಿ ಸಿಕ್ತು ಅಂತ ಬರದು ಸಹಿ ಮಾಡಬೇಕು. ದಿನಕ್ಕ ಹತ್ತು ತಾಸರೆ ಸಿಗಬೇಕಂತ ದೇಶ ದೇಶದವರು ಕೂಡಿ ಮಾಡಿದ ಕಾಯ್ದೆ ಅದ. ನನಗ ಸಿಗತಿದ್ದದ್ದು ಐದು, ಬರೀತಿದ್ದದ್ದು ಹತ್ತು. ದಿನಾ ಸುಳ್ಳು ಬರದು ಬ್ಯಾಸರಾಗಿ, ಒಂದನೇ ತಾರೀಖಿಗೇ ಕೂತು ತಿಂಗಳ ಪೂರ್ತಿ ತುಂಬಿಸಿಬಿಟ್ಟೆ. ಜಾಣತನ ನೋಡ್ರಿ ನಂದು.

ಹಡಗು ನಮ್ಮ ಮನಿ ಹತ್ರದ ವಾಸ್ಕೋ ಬಂದರಿಗೆ ಬಂದಾಗ ತಿಂಗಳ ಅರ್ಧಾನೂ ಮುಗದಿರಲಿಲ್ಲ. ಸರಕಾರದ ಕಡಿಂದ ಹಡಗು ತಪಾಸಣಿ ಮಾಡೂ ಮ್ಯಾಡಮ್ ಒಬ್ರು ಹತ್ತಿ ಬಂದ್ರು. ಹಾಳಿ ನೋಡಿದ್ರು, ನನ್ನ ಮಾರಿ ನೋಡಿದ್ರು, ಅಡಗಿಮನಿ ಬಾಗಲಾ ಮುಚ್ಚಿದ್ರು.

"ನಾಳಿ ನಿದ್ದಿ ಹೆಂಗಾತ್ರಿ?" ಅಂತ ಕೇಳಿದ್ರು.

ಖರೇ ಹೇಳಿದ್ರ ಕ್ಯಾಪ್ಟನ್ ಸಾಹೇಬ್ರು ಮತ್ತ ಯಾವ ಹಡಗಿಗೂ ಹತ್ತಗೊಡೂದಿಲ್ಲ ಅನ್ನೂ ಭಯ. ಸುಳ್ಳು ಹೇಳಬೇಕಂದ್ರ ನಾಳಿನ ತಾರೀಖಿನ ಮುಂದ ನನ್ನ ಸಹಿನ ಕೂತದ.

"ಯಾರು ಹೇಳಿದ್ರು ಅಂತ ನಾನು ಬಾಯಿ ಬಿಡೂದಿಲ್ರಿ. ಬಿಡಬಾರದು ಅಂತಾನೂ ಕಾಯ್ದೆ ಅದ," ಅಂದ್ರು.

ಮೊದಲು ಬೆರಳಿನ ಪಟ್ಟಿ ಬಿಚ್ಚಿ ತೋರಿಸಿದೆ. ಆಮ್ಯಾಲೆ ಎಲ್ಲಾ ಹೇಳಿದೆ.

ಅವರು ಹೊಸಾ ಹಾಳಿ ಕೊಟ್ಟು ಖರೇ ಇದ್ದದ್ದು ಬರಿಸಿದ್ರು. ಹೆಲ್ಪರ್ ಬಂದ ಮ್ಯಾಲೇ ಹಡಗು ಹೊರಡಬೇಕು, ಅಡಗಿಯವನಿಗೆ ಮೊದಲು ವಿಶ್ರಾಂತಿ ಕೊಡ್ರಿ ಅಂತ ಕ್ಯಾಪ್ಟನ್ ಸಾಹೇಬ್ರಿಗೆ ಬರದು ಕೊಟ್ರು. ಆವತ್ತು ಹಡಗಿಗೆ ಊಟ ಹೊರಗಿಂದ ಬಂತು. ನನ್ನನ್ನ ಮನಿಗೆ ಕಳಿಸಿದ್ರು.

ಎಂಟು ತಿಂಗಳ ಮ್ಯಾಲೆ ಬಂದ ಗಂಡಗಂತ ಹೆಂಡತಿ ಕೋಳಿ ಸಾರಿಗೆ ಇಟ್ಲು. ಅದು ಕುದಿಯೂದರಾಗ ನಾನು ಚಾಪಿ ಮ್ಯಾಲೆ ಬಿದ್ದಾಂವ, ಎದ್ದಾಗ ಸಂಜಿ. ಆಕಿ ಹೊಸ್ತಿಲ ಮ್ಯಾಲೆ ಕೂತಿದ್ಲು. ನನ್ನ ನೋಡಾಕ ಬಂದ ಓಣಿ ಮಂದಿನ್ನೆಲ್ಲಾ ತಿರುಗಿ ಕಳಿಸಿದ್ಲಂತ.

"ಎಬ್ಬಿಸಬೇಕಿತ್ತಲ್ಲ," ಅಂದೆ.

"ಸಾರು ಎಲ್ಲೂ ಓಡಿ ಹೋಗೂದಿಲ್ಲ ಬಿಡ್ರಿ," ಅಂದ್ಲು.

ಕ್ಯಾಪ್ಟನ್ ಸಾಹೇಬ್ರಿಗೆ ನಾನ ಹೇಳೇನಂತ ಅನುಮಾನ ಬಂದಿತ್ತು, ಆದ್ರ ತುಟಿ ಪಿಟಕ್ಕನ್ನಲಿಲ್ಲ. ಮುಂದೂ ಅದೇ ಕಂಪನಿ ಹಡಗಿಗೆ ಹತ್ತೇನಿ. ಅಡಗಿಯಾಂವ ಆಗಿ ಆ ಮ್ಯಾಡಮ್ ಅವರಿಗೆ ಒಂದು ಕಪ್ ಚಾ ಸೈತ ಮಾಡಿ ಕೊಡಲಿಲ್ಲ, ಅದೊಂದು ಮನಸಿನ್ಯಾಗ ಉಳದದ. ಅವರು ಮಾಡಿದ ಉಪಕಾರ ನಾ ಮರಿಯೂದಿಲ್ಲ. ಈಗ ಹಾಳಿ ದಿನಾ ಮುಂಜಾನಿ ಎದ್ದು ಬರೀತೇನಿ. ಮೊದಲು ಮಲಗೂದು, ಆಮ್ಯಾಲೆ ಬರಿಯೂದು.