ಅಕ್ಕೋರ ಪಾಲನ್ನು ನಿಲ್ಲಿಸಿದ ಸುಗ್ಗಿ

ನಮ್ಮೂರ ಶಾಲೆಗೆ ಸರಕಾರದ ಗ್ರಾಂಟು ತರಿಸಿದವನು ನಾನೇ. ಅದನ್ನು ಎಷ್ಟೋ ವರ್ಷ ಮೀಸೆ ತಿರುವಿ ಹೇಳಿಕೊಂಡಿದ್ದೇನೆ. ಈಗ ತಲೆ ತಗ್ಗಿಸಿ ಹೇಳುವವನೂ ನಾನೇ ಆಗಬೇಕು.

ನಮ್ಮದು ಮೂಡಲಗಿ ಕಡೆಯ ಸಣ್ಣ ಹಳ್ಳಿ. ಗಂಡುಹುಡುಗರ ಶಾಲೆ ಮಠದ ಪಡಸಾಲೆಯಲ್ಲಿ ನಡೆಯುತ್ತಿತ್ತು. ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಅಲ್ಲೇ ಒಬ್ಬ ವಿಧವೆ ಕಲಿಸುತ್ತಿದ್ದರು. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿತ್ತು. ಅವರಿಗೆ ಪಗಾರ ಅಂತ ಇರಲಿಲ್ಲ. ಸುಗ್ಗಿಯಲ್ಲಿ ರಾಶಿ ಮಾಡಿದಾಗ ಬಡಿಗ, ಕಂಬಾರರಿಗೆ ಆಯ ಕೊಡುವಂತೆ ಪ್ರತಿ ಕಣದಲ್ಲೂ ಅಕ್ಕೋರಿಗೆಂದು ಒಂದು ಮೊರ ಜೋಳ ತೆಗೆದಿಡುತ್ತಿದ್ದರು. ಅದರಲ್ಲೇ ಅವರ ವರ್ಷ ಸಾಗುತ್ತಿತ್ತು. ನನ್ನ ತಂಗಿ ಅವರ ಹತ್ತಿರ ಕಲಿಯುತ್ತಿದ್ದಳು; ಕಾಗುಣಿತ ಅರ್ಧಕ್ಕೆ ಬಂದಿತ್ತು. ಬಲು ಕಿಲಾಡಿ ಹುಡುಗಿ. ಒಮ್ಮೆ ನನ್ನ ಅಂಗಿಯ ಬೆನ್ನ ಮೇಲೆ ಸುಣ್ಣದಲ್ಲಿ ಅಕ್ಷರ ಬರೆದು ಓಣಿಯನ್ನೆಲ್ಲ ನಗಿಸಿದ್ದಳು.

ನಾನು ಗೋಕಾಕದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಬಂದಿದ್ದೆ. ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಸರಕಾರದ ಪರವಾಗಿ ಶಾಲೆ ನಡೆಸುವ ಜಿಲ್ಲಾ ಬೋರ್ಡಿಗೆ ಗ್ರಾಂಟು ಕೇಳಿ ಅರ್ಜಿ ಬರೆದೆ. ಶಾಲೆ ತಪಾಸಣೆಯ ಡಿಪುಟಿ ಸಾಹೇಬರು ಕುದುರೆಯ ಮೇಲೆ ಬಂದು ಷರತ್ತು ಹೇಳಿದರು: ಖರ್ಚೆಲ್ಲ ಇನ್ನು ಬೋರ್ಡಿನದು, ಟ್ರೇನಿಂಗ್ ಆಗದವರು ಕಲಿಸುವಂತಿಲ್ಲ, ಊರವರು ತಾವಾಗಿ ಯಾರನ್ನೂ ಇಟ್ಟುಕೊಳ್ಳುವಂತಿಲ್ಲ.

ಗೌಡರಿಗೆ ಅದು ಸರಿಬರಲಿಲ್ಲ. "ನಮ್ಮ ಜ್ವಾಳಾ ಯಾರಿಗೆ ಕೊಡಬೇಕಂತ ನಾವ ಹೇಳಬೇಕಲ್ರಿ ಸಾಹೇಬ್ರ? ಅಕ್ಕೋರು ಚಲೋ ಕಲಸ್ತಾರ" ಎಂದರು.

ಸಾಹೇಬರಿಗಿಂತ ಮೊದಲು ನಾನೇ ಬಾಯಿ ಹಾಕಿದೆ. "ಟ್ರೇನಿಂಗ್ ಆದ ಅಕ್ಕೋರು ಬರ್ತಾರ್ರಿ ಗೌಡ್ರ. ಒಂದ ಕೆಲಸಕ್ಕ ಎರಡೆರಡ ಕಡೆಯಿಂದ ಯಾಕ ಕೊಡೂದ್ರಿ?"

ಓದಿದ ಹುಡುಗ ಹೇಳಿದ ಮೇಲೆ ಮುಗಿಯಿತು. ಗೌಡರು ಹೆಬ್ಬೆಟ್ಟು ಒತ್ತಿದರು.

ಆ ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಅಕ್ಕೋರ ಪಾಲು ನಿಲ್ಲಿಸಿದೆ. ನಮ್ಮ ಕಣದಲ್ಲಿ ಅಪ್ಪ ತುಂಬಿದ ಮೊರ ಹಿಡಿದು ನಿಂತಿದ್ದರು. ಅದನ್ನು ಇಸಿದುಕೊಂಡು ನಾನೇ ರಾಶಿಗೆ ಸುರಿದೆ. ಅಕ್ಕೋರು ಜಗಳವಾಡಲಿಲ್ಲ. ಮಮದಾಪುರದ ತಮ್ಮನ ಮನೆಗೆ ಹೊರಟಾಗ ತಂಗಿಯ ತಲೆ ಸವರಿ, "ಉಳದದ್ದ ಹೊಸಾ ಅಕ್ಕೋರು ಕಲಸ್ತಾರವಾ" ಎಂದರು.

ಹೊಸ ಅಕ್ಕೋರು ಬರಲೇ ಇಲ್ಲ. ಟ್ರೇನಿಂಗ್ ಆದ ಹೆಂಗಸರು ಆಗ ಜಿಲ್ಲೆಯಲ್ಲೇ ವಿರಳ. ನಮ್ಮ ಹಳ್ಳಿಗೆ ಯಾರು ಬರುತ್ತಾರೆ? ಅವರ ಪಗಾರಕ್ಕೆ ಮಂಜೂರಾದ ದುಡ್ಡನ್ನು ಬೇರೆ ಯಾರಿಗೂ ಕೊಡಬಾರದೆಂದು ಕಾಗದದಲ್ಲಿ ಬರೆದಿತ್ತು. ಗಂಡುಹುಡುಗರಿಗೆ ನಕಾಶೆ, ಗಡಿಯಾರ ಬಂದವು. ಹೆಣ್ಣುಮಕ್ಕಳು ಮನೆಗೆ ಹೋದರು.

ನಾನು ಹುಕ್ಕೇರಿಯ ಕಚೇರಿಯಲ್ಲಿ ಕಾರಕೂನನಾದೆ. ಎರಡು ವರ್ಷದ ಮೇಲೆ ಊರಿಗೆ ಬಂದವನು, ಬೋರ್ಡು ಏನಾದರೂ ಅನ್ನಲಿ, ಅಕ್ಕೋರನ್ನು ಕರೆಸೋಣ ಎಂದೆ. ಗೌಡರು ತಲೆ ಅಲ್ಲಾಡಿಸಿದರು. "ಕಣದಾಗ ಒಮ್ಮಿ ತಪ್ಪಿದ ಆಯ ಮತ್ತ ಹುಟ್ಟೂದಿಲ್ಲೋ ತಮ್ಮಾ. ಯಾರನ್ನ ಕೇಳಿದ್ರೂ, ಸಾಲಿ ಸರಕಾರದ್ದೈತಿ, ಅವರನ್ನ ಕೇಳ ಅಂತಾರ." ನನಗೆ ಊರವರ ಮೇಲೆ ಸಿಟ್ಟು ಬಂತು. ಬರಬೇಕಾದದ್ದು ನನ್ನ ಮೇಲೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವಳು ತಂಗಿ.

ಅವಳನ್ನು ಹೊಳೆಯಾಚೆಯ ದೂರದ ಊರಿಗೆ ಕೊಟ್ಟೆವು. ಅರ್ಧ ಕಾಗುಣಿತದಲ್ಲಿ ಕಾಗದ ಬರೆಯಲು, ಓದಲು ಬಾರದು; ಅವಳ ಪರವಾಗಿ ಅವಳ ಮೈದುನ ಕಾರ್ಡು ಬರೆಯುತ್ತಿದ್ದ: ಎಲ್ಲರೂ ಕ್ಷೇಮ, ಚಿಂತೆ ಬೇಡ. ನಾನೂ ಚಿಂತಿಸಲಿಲ್ಲ. ಮದುವೆಯಾದ ಮೂರನೆಯ ವರ್ಷ, ಅವಳ ಕೂಸು ಜ್ವರದಲ್ಲಿ ತೀರಿಕೊಂಡ ಸುದ್ದಿಯನ್ನು ಆ ಕಡೆ ಹೋಗಿದ್ದ ಬಳೆಗಾರ ತಂದ. ಓಡಿಹೋದೆ. ಹಿತ್ತಲಲ್ಲಿ ಒಬ್ಬಳೇ ಕೂತಿದ್ದಳು.

"ಜ್ವರ ಬಂದಾಗ ಒಂದ ಕಾರ್ಡ ಹಾಕಸಾಕ ಏನಾಗಿತ್ತವಾ?" ಎಂದೆ.

"ಬರಸೀನಲ್ಲಣ್ಣಾ" ಎಂದಳು. "ಕೂಸಿಗೆ ಆರಾಮಿಲ್ಲ, ಬಂದ ಕರಕೊಂಡ ಹೋಗ ಅಂತ ಮೂರ ಸಲ ಬರಸೀನಿ. ನೀ ಯಾಕ ಬರಲಿಲ್ಲ?"

ಆ ಮೂರು ಕಾರ್ಡುಗಳೂ ನನಗೆ ಮುಟ್ಟಿದ್ದವು; ಮೂರರಲ್ಲೂ ಮೈದುನ ಬರೆದದ್ದು ಎಲ್ಲರೂ ಕ್ಷೇಮ ಎಂದೇ. ಅದನ್ನು ಹೇಳಿದ್ದರೆ, ಅವಳು ಆ ಮನೆಯಲ್ಲಿ ಬಾಳುವುದು ಹೇಗೆ? ಕಚೇರಿಯಲ್ಲಿ ರಜೆ ಸಿಗಲಿಲ್ಲ ಎಂದೆ. ತಂಗಿ ಅದನ್ನು ನಂಬಿದಳು, ಇವತ್ತಿಗೂ ನಂಬಿದ್ದಾಳೆ.